ಪದ್ಮಕ್ಕನ ನಗುವಿನಲ್ಲಿ ಇನ್ನೊಬ್ಬರು

ಪದ್ಮಕ್ಕ ನಕ್ಕಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಹಲ್ಲಲ್ಲ, ಒಸಡು. ಮೇಲ್ದುಟಿ ಮಡಚಿಕೊಂಡು ಮೂಗಿನ ಕಡೆ ಸರಿದುಹೋಗುತ್ತಿತ್ತು. ಅದರ ಕೆಳಗೆ, ಸಣ್ಣ ಬಿಳಿ ಹಲ್ಲುಗಳ ಮೇಲೆ, ಸೀರೆಗೆ ಅಂಚು ಹಚ್ಚಿದ ಹಾಗೆ ಒಂದು ಕಡುನೇರಳೆ ಪಟ್ಟಿ. ಸಾರಿಗೆ ಹಾಕಲೆಂದು ಅವರು ಉಡುಪಿ ಕಡೆಯಿಂದ ತರಿಸುತ್ತಿದ್ದ ಪುನರ್ಪುಳಿಯ ಒಣ ಸಿಪ್ಪೆ ನೀರಿಗೆ ಬಿದ್ದ ಕೂಡಲೇ ಒಂದು ಒದ್ದೆ ಹೊಳಪಿನ ಕಪ್ಪು ತಳೆಯುತ್ತದೆ. ಅದೇ ಬಣ್ಣ.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ನಮಗೆ ಡಿಪೋರ್ಟ್‌ಮೆಂಟ್ ಎಂಬ ಒಂದು ಪೀರಿಯಡ್ ಇತ್ತು. ಹೇಗೆ ಕೂರಬೇಕು, ಹೇಗೆ ಸ್ಪೂನ್ ಹಿಡಿಯಬೇಕು, ಹೇಗೆ ನಗಬೇಕು. ತುಟಿ ಮುಚ್ಚಿಕೊಂಡೇ ನಗಬೇಕು. ತಡೆಯಲಾಗದಿದ್ದರೆ ಹ್ಯಾಂಕರ್ಚೀಫ್ ಇದೆ. "ಒಸಡು ತೋರಿಸುವುದು ಕುದುರೆಗಳಿಗೆ, ಗರ್ಲ್ಸ್," ಎನ್ನುತ್ತಿದ್ದರು ನಮ್ಮ ಸಿಸ್ಟರ್. ಇವತ್ತಿಗೂ ನಗು ಬಂದರೆ ನನ್ನ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಹಾಗಿರುವಾಗ, ತೊಂಬತ್ತರ ದಶಕದ ಕೊನೆಗೆ ನಮ್ಮವರಿಗೆ ಮದರಾಸಿಗೆ ವರ್ಗವಾಗಿ, ಬೆಸೆಂಟ್ ನಗರದ ಆ ಹಳೆಯ ಫ್ಲ್ಯಾಟಿಗೆ ಬಂದು ಇಳಿದಾಗ, ಪಕ್ಕದ ಬಾಲ್ಕನಿಯಲ್ಲಿ ನಾನು ಕಂಡದ್ದು ಏನನ್ನು ಗೊತ್ತೇ? ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡ ಒಬ್ಬ ಹೆಂಗಸು ಗಂಡನ ಶೇವಿಂಗ್ ಕನ್ನಡಿಯನ್ನು ಬಿಸಿಲಿಗೆ ಹಿಡಿದು, ಬೆರಳಿನಿಂದ ಮೇಲ್ದುಟಿ ಎತ್ತಿ, ತನ್ನ ಒಸಡನ್ನು ತಾನೇ ನೋಡಿಕೊಳ್ಳುತ್ತಿದ್ದರು. ನಮ್ಮ ಎರಡು ಬಾಲ್ಕನಿಗಳ ನಡುವೆ ಸಮುದ್ರದ ಗಾಳಿಗೆ ತುಕ್ಕು ಹಿಡಿದ ಒಂದು ಗ್ರಿಲ್ ಬಿಟ್ಟರೆ ಬೇರೇನೂ ಇರಲಿಲ್ಲ.

ಮೂರ್ನಾಲ್ಕು ಶನಿವಾರ ಇದನ್ನೇ ನೋಡಿ, ಪಾಪ, ಹಲ್ಲು ನೋವಿರಬೇಕು ಎಂದುಕೊಂಡೆ. "ಹಲ್ಲು ತುಂಬಾ ತೊಂದರೆ ಕೊಡ್ತಿದೆಯೇನ್ರೀ? ನಮ್ಮವರ ಆಫೀಸಿನವರು ಒಬ್ಬ ಡೆಂಟಿಸ್ಟ್ ಹೇಳಿದಾರೆ, ಅಡ್ರೆಸ್ ಕೊಡ್ಲಾ?" ಎಂದು ಕೇಳಿದೆ.

ಅವರು ತಿರುಗಿ ನಕ್ಕರು. ಆ ಪಟ್ಟಿ ಪೂರ್ತಿಯಾಗಿ ನಾನು ನೋಡಿದ್ದು ಆಗಲೇ.

"ನೋವೂ ಇಲ್ಲ ಗೀವೂ ಇಲ್ಲ ಮಾರಾಯ್ರೆ. ಅಮ್ಮನನ್ನು ನೋಡ್ತಾ ಇದ್ದೇನೆ."

ಹೀಗೆಂದು, ಕನ್ನಡಿಯನ್ನು ಮೊಳೆಗೆ ಸಿಕ್ಕಿಸಿ ಒಳಗೆ ಹೋದರು. ಸೆಕೆಯ ಆ ಬೆಳಿಗ್ಗೆ ನನ್ನ ತೋಳಿನ ಮೇಲೆ ಕೂದಲು ಎದ್ದು ನಿಂತಿತ್ತು.

ಅವರ ಗಂಡ ವಾಸುದೇವ ಭಟ್ಟರು ಅಡ್ಯಾರಿನಲ್ಲಿ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಿದ್ದರು. ಒಬ್ಬಳೇ ಮಗಳು ಸುಮ, ಆಗ ಕಾಲೇಜು. ಪದ್ಮಕ್ಕ ಮದುವೆಯಾಗಿ ಇಲ್ಲಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಮಾತು ಮಾತ್ರ ಉಡುಪಿಯದೇ. ತಮಿಳು ಅದರ ಮೇಲೆ ಒಗ್ಗರಣೆಯ ಹಾಗೆ. ಸುಮ ತಾಯಿಯ ಕನ್ನಡಕ್ಕೆ ಹೆಚ್ಚಾಗಿ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತಿದ್ದಳು. ನನ್ನ ಹೆಸರು ಅವರಿಗೆ ಬೇಕಾಗಲೇ ಇಲ್ಲ. ನಾನು ಮೈಸೂರಮ್ಮ. ಗ್ರಿಲ್ಲಿನ ಸಂದಿನಿಂದ ಪುನರ್ಪುಳಿ ಸಾರು ಆ ಕಡೆಯಿಂದ ಬರುತ್ತಿತ್ತು, ನನ್ನ ತಿಳಿಸಾರು ಈ ಕಡೆಯಿಂದ ಹೋಗುತ್ತಿತ್ತು. "ನೀವು ಮೈಸೂರಿನವರು ಸಾರಿಗೆ ಬೆಲ್ಲ ಹಾಕದೆ ಬದುಕಿದ್ದೇ ದೊಡ್ಡದು," ಎಂದು ಪಾತ್ರೆ ವಾಪಸು ಕೊಡುತ್ತಿದ್ದರು.

ಅವರ ನಗು ನಮ್ಮ ಬ್ಲಾಕಿಗೆಲ್ಲ ಗೊತ್ತಿತ್ತು. ನೀರಿನ ಕಷ್ಟದ ಆ ವರ್ಷಗಳಲ್ಲಿ ಲಾರಿ ಬಂದ ಕೂಡಲೇ ಕೆಳಗೆ ಪ್ಲಾಸ್ಟಿಕ್ ಕೊಡಗಳ ಯುದ್ಧ ಶುರುವಾಗುತ್ತಿತ್ತು. ಒಮ್ಮೆ ಮಹಡಿಯ ಒಬ್ಬ ರಿಟೈರ್ಡ್ ಆಫೀಸರು ಪದ್ಮಕ್ಕನ ಕೊಡವನ್ನು ಕಾಲಿನಿಂದ ಹಿಂದೆ ತಳ್ಳಿ, ತಾವು ಯಾರು ಗೊತ್ತೇ ಎಂದು ಇಂಗ್ಲಿಷಿನಲ್ಲಿ ಕೂಗಾಡಿದರು. ಅವರ ಲುಂಗಿಯ ತುದಿ ಲಾರಿಯ ಕೊಕ್ಕೆಗೆ ಸಿಕ್ಕಿಕೊಂಡದ್ದು ಅವರಿಗೆ ಗೊತ್ತಿರಲಿಲ್ಲ. ಪದ್ಮಕ್ಕ ನಕ್ಕ ರಭಸಕ್ಕೆ ಕ್ಯೂ ಪೂರ್ತಿ ನಕ್ಕಿತು, ಕೊನೆಗೆ ಆಫೀಸರೂ. ವಾಚ್‌ಮನ್ನನ ಪುಟ್ಟ ಮಗಳು ಮಾತ್ರ ನಗದೆ, ಪದ್ಮಕ್ಕನ ಬಾಯಿಯನ್ನೇ ದಿಟ್ಟಿಸಿ, "ಆಂಟಿ, ಇಂಕ್ ಕುಡಿಚ್ಚೀಂಗಳಾ?" ಎಂದು ಕೇಳಿತು.

"ಆಮಾ ಕಣ್ಣು, ಒರು ಬಾಟ್ಲು," ಎಂದರು ಪದ್ಮಕ್ಕ.

ಭಟ್ಟರೂ ಬಿಡುತ್ತಿರಲಿಲ್ಲ. "ನಮ್ಮ ಹೋಟ್ಲಿನ ದೋಸೆ ಕಾವಲಿ ಇದಕ್ಕಿಂತ ಬೆಳ್ಳಗೆ ಉಂಟು," ಎಂದು ನನ್ನೆದುರೇ ಹೇಳುತ್ತಿದ್ದರು.

"ನಿಮ್ಮ ಕಾವಲಿಗೆ ನಗ್ಲಿಕ್ಕೆ ಬರ್ತದಾ?"

ಆದರೆ ಆ ನಗುವಿನಲ್ಲಿ ಒಂದು ವಿಚಿತ್ರವಿತ್ತು. ಎಲ್ಲಿಗೇ ಹೋಗಲಿ, ಪದ್ಮಕ್ಕ ಕನ್ನಡಿಯೋ ಗಾಜೋ ಎದುರಿರುವ ಜಾಗ ನೋಡಿ ಕೂರುತ್ತಿದ್ದರು. ನಮ್ಮ ಮನೆಯಲ್ಲಾದರೆ ಷೋಕೇಸಿಗೆ ಎದುರಾದ ಬೆತ್ತದ ಮೋಡಾ. ಜೋರಾಗಿ ನಗುತ್ತಿದ್ದವರು ಒಂದು ಕ್ಷಣ ತಟ್ಟನೆ ಸದ್ದು ನಿಲ್ಲಿಸಿ, ತುಟಿಯನ್ನು ಮಾತ್ರ ಹಾಗೇ ಮೇಲೆ ಬಿಟ್ಟುಕೊಂಡು, ನನ್ನ ಭುಜದ ಪಕ್ಕದಿಂದ ಆ ಗಾಜನ್ನು ನೋಡುತ್ತಿದ್ದರು. ಯಾರೋ ಬಾಗಿಲಿಗೆ ಬಂದು ನಿಂತಾಗ ನಾವು ಮಾತು ನಿಲ್ಲಿಸಿ ನೋಡುವುದಿಲ್ಲವೇ, ಹಾಗೆ. ಮೊದಮೊದಲು ನಾನು ಹಿಂದೆ ತಿರುಗಿ ನೋಡುತ್ತಿದ್ದೆ. ಆಮೇಲೆ ತಿರುಗುವುದನ್ನು ಬಿಟ್ಟೆ. ಧೈರ್ಯ ಸಾಲುತ್ತಿರಲಿಲ್ಲ ಎಂದರೆ ನಗಬೇಡಿ.

ಕಥೆ ಪೂರ್ತಿ ಹೇಳಿದ್ದು ಒಂದು ಮಧ್ಯಾಹ್ನ. ಕರೆಂಟು ಹೋಗಿತ್ತು. ಅವರ ಮನೆಯ ನೆಲದ ಮೇಲೆ ಇಬ್ಬರೂ ಕೂತು ಅವರೆಕಾಳು ಹಿತುಕುತ್ತಿದ್ದೆವು. ಅವರಿಗೆ ಆ ಕೆಲಸ ನಾನೇ ಕಲಿಸಿದ್ದು.

"ನನಗೆ ಆವಾಗ ಐದು ವರ್ಷ ಇರ್ಬೇಕು. ಅಮ್ಮ ಅಂಗಳದಲ್ಲಿ ಕೂತು, ನನ್ನ ತಲೆ ತೊಡೆ ಮೇಲೆ ಇಟ್ಕೊಂಡು ಎಣ್ಣೆ ಹಾಕ್ತಾ ಇದ್ಳು. ನಾನು ಕೆಳಗಿಂದ ಮೇಲೆ ನೋಡ್ತಾ ಇದ್ದೆ. ಎಂಥದ್ದೋ ಹೇಳಿದೆ ನಾನು, ಎಂಥ ಅಂತ ನೆನಪಿಲ್ಲ. ಅಮ್ಮ ನಕ್ಳು. ಕೆಳಗಿಂದ ನೋಡಿದ್ರೆ ಎಂಥ ಕಾಣ್ತದೆ ಹೇಳಿ? ಒಸಡೇ ಕಾಣೋದು. ಕಪ್ಪು ನೇರಳೆ, ಮೇಲೆ ಬಿಸಿಲು ಬಿದ್ದು ಫಳಫಳ. ಅಷ್ಟರಲ್ಲಿ ಒಳಗಿಂದ ಯಾರೋ ಕರೆದ್ರು. ನನ್ನ ತಲೆ ಮೆಲ್ಲ ಕೆಳಗಿಟ್ಟು, 'ಒಳಗೆ ಕೆಲ್ಸ ಉಂಟು ಮಗಾ, ಈಗ ಬಂದೆ,' ಅಂತ ಎದ್ದು ಹೋದ್ಳು."

"ಆಮೇಲೆ?"

"ಆಮೇಲೆ ಎಂಥ ಇಲ್ಲ. ಬರ್ಲಿಲ್ಲ. ಹೆರಿಗೆ ಅಂತೆ. ನಮ್ಮನ್ನು ಆ ಕೋಣೆಗೆ ಬಿಡ್ಲಿಲ್ಲ. ಮಗುವೂ ಉಳೀಲಿಲ್ಲ. ಅರ್ಧ ತಲೆಗೆ ಮಾತ್ರ ಎಣ್ಣೆ ನನಗೆ, ಇನ್ನರ್ಧ ಹಾಗೇ ಒಣಗಿ ಇತ್ತು."

ಮನೆಯಲ್ಲಿ ಆಕೆಯದೊಂದು ಫೋಟೋ ಇರಲಿಲ್ಲ. ತೆಗೆಸುವ ಪದ್ಧತಿಯೇ ಇರಲಿಲ್ಲ. "ಕಣ್ಣು ಹೇಗಿತ್ತು ಕೇಳಿ, ಗೊತ್ತಿಲ್ಲ. ಮೂಗು ಗೊತ್ತಿಲ್ಲ. ಮೈಬಣ್ಣ ಗೊತ್ತಿಲ್ಲ. ನನಗೆ ಅಮ್ಮ ಅಂದ್ರೆ ಒಂದು ಒಸಡು," ಎಂದರು ಪದ್ಮಕ್ಕ. ಅವರದೇ ಒಸಡು ಮದುವೆಯ ಹೊತ್ತಿಗೆ ಕೆಂಪಗೆ ಇತ್ತಂತೆ. ನಲವತ್ತು ದಾಟಿದ ಮೇಲೆ ಅಲ್ಲಲ್ಲಿ ಮಚ್ಚೆಯ ಹಾಗೆ ಕಪ್ಪು ಮೂಡಿತು. ಐವತ್ತರ ಹತ್ತಿರ ಬರುವಾಗ ಮಚ್ಚೆಗಳು ಒಂದಕ್ಕೊಂದು ಕೂಡಿಕೊಂಡವು. ಒಂದು ಶನಿವಾರ ತಲೆಗೆ ಎಣ್ಣೆ ಹಚ್ಚಿಕೊಂಡು, ಗಂಡ ಬಾಲ್ಕನಿಯಲ್ಲಿ ಬಿಟ್ಟುಹೋದ ಕನ್ನಡಿಯನ್ನು ಎತ್ತಿಡಲು ಹೋಗಿ, ಯಾವುದಕ್ಕೋ ನಕ್ಕರು. ಕೈಯಲ್ಲಿದ್ದ ಕನ್ನಡಿ ಕೆಳಗಿತ್ತು. ಕೆಳಗಿನಿಂದ ಕಂಡಿತು.

"ಕೂತುಬಿಟ್ಟೆ ಮಾರಾಯ್ರೆ, ಅಲ್ಲೇ. ಅವಳು ಮೂವತ್ತಕ್ಕೇ ಹೋದವಳು. ನನ್ನ ಹತ್ರ ಬರ್ಲಿಕ್ಕೆ ಇಷ್ಟು ವರ್ಷ ಬೇಕಾಯ್ತು. ದೂರ ಅಲ್ವಾ? ನಡ್ಕೊಂಡು ಬರ್ಬೇಕಲ್ಲ."

ನಾನು ಡಾಕ್ಟರ ಹಾಗೆ, ವಯಸ್ಸಾದಂತೆ ಕೆಲವರಿಗೆ ಒಸಡಿನ ಬಣ್ಣ ಹೀಗೆ ಕಪ್ಪಾಗುತ್ತದೆ, ಅದು ಕಾಮನ್ ಎಂದು ಏನೋ ಹೇಳಲು ಹೊರಟೆ. ಅವರು ಒಂದು ಅವರೆಕಾಳನ್ನು ಟಪ್ಪನೆ ನನ್ನ ಕೆನ್ನೆಗೆ ಹಾರಿಸಿ, "ಅದು ನನಗೂ ಗೊತ್ತುಂಟು," ಎಂದರು.

ಸುಮಳಿಗೆ ಆ ಬಣ್ಣ ಇಪ್ಪತ್ತರ ಆಸುಪಾಸಿಗೇ ಬಂದಿತ್ತು. "ಇವಳ ಹತ್ರ ಬೇಗ ಬಂದ್ಳು. ದಾರಿ ಗೊತ್ತಾಗಿದೆ," ಎಂದು ಪದ್ಮಕ್ಕ ಹಿಗ್ಗುತ್ತಿದ್ದರು. ಸುಮ ಹಿಗ್ಗಲಿಲ್ಲ. ಕಾಲೇಜಿನಲ್ಲಿ ಹುಡುಗಿಯರು ಏನಂದಿದ್ದರೋ, ಫೋಟೋಗಳಲ್ಲೆಲ್ಲ ಅವಳದು ಮುಚ್ಚಿದ ತುಟಿ. ನಮ್ಮ ಸಿಸ್ಟರ್ ಇದ್ದಿದ್ದರೆ ಮೆಡಲ್ ಕೊಡುತ್ತಿದ್ದರು. ಅವಳನ್ನು ನೋಡಲು ಬಂದ ಒಂದು ಗಂಡಿನ ಕಡೆಯ ಅತ್ತೆಯೊಬ್ಬರು, ಕಾಫಿ ಲೋಟ ಕೆಳಗಿಡುತ್ತ, "ಹುಡುಗಿ ಲಕ್ಷಣ. ನಕ್ಕಾಗ ಮಾತ್ರ..." ಎಂದು ಅಷ್ಟಕ್ಕೇ ನಿಲ್ಲಿಸಿದರಂತೆ. ಆ ಸಂಬಂಧ ಆಗಲಿಲ್ಲ. ಬೇರೊಂದು ನಿಶ್ಚಯವಾಯಿತು, ಒಳ್ಳೆಯ ಹುಡುಗ, ಪೋರೂರಿನಲ್ಲಿ ಮನೆ. ಅವನ ಕಡೆಯವರು ಯಾರೂ ಏನೂ ಅನ್ನಲಿಲ್ಲ. ಆದರೂ ಮದುವೆಗೆ ಮುಂಚೆ ಒಸಡಿನ ಕಪ್ಪು ತೆಗೆಸುತ್ತೇನೆ ಎಂದು ಸುಮ ಹಟ ಹಿಡಿದಳು. ಮೇಲಿನ ಪದರ ಕೆರೆದು ತೆಗೆಯುತ್ತಾರೆ, ಕೆಳಗಿಂದ ಹೊಸದು ಕೆಂಪಗೆ ಬರುತ್ತದೆ, ಎಲ್ಲರೂ ಈಗ ಮಾಡಿಸುತ್ತಾರೆ ಎಂದಳು.

ಜಗಳ ನಮ್ಮ ಮನೆಗೇ ಬಂತು.

"ಆಂಟಿ, ನೀವಾದ್ರೂ ಹೇಳಿ. ಅದು ಬರೀ ಪಿಗ್ಮೆಂಟ್! ಅಮ್ಮ ಏನೋ ಪೇಯಿ ಪಿಸಾಸು ಅಂತಿದಾಳೆ."

"ಪೇಯಿ ಅಂತ ನಾನು ಹೇಳಿದ್ನಾ? ಅಮ್ಮ ಅಂತ ಹೇಳಿದ್ದು. ಮನೆಗೆ ಬಂದವರನ್ನು ಕೆರೆದು ತೆಗೀತಿಯಾ ಅಂತ ಕೇಳಿದ್ದು."

"ಅಮ್ಮಾ, ವಿಡು ಮ್ಮಾ! ನಿನಗೆ ನಿನ್ನ ಅಮ್ಮ ಬೇಕು, ಸರಿ, ನಿನ್ನ ಬಾಯಲ್ಲಿ ಇಟ್ಕೋ. ನನಗೆ ನನ್ನ ಮದುವೆ ದಿನ ಬಾಯಿ ಬಿಟ್ಟು ನಗ್ಬೇಕು. ಒಂದು ದಿನ. ಅದು ತಪ್ಪಾ?"

ಇಬ್ಬರೂ ನನ್ನ ಕಡೆ ನೋಡಿದರು. "ಬಾಯಿ ಅವಳದಲ್ವೇ ಪದ್ಮಕ್ಕ?" ಎಂದೆ ನಾನು. ಅದು ನ್ಯಾಯದ ಮಾತೇ ಆಗಿತ್ತು.

"ಬಾಯಿ ಅವಳದ್ದೇ," ಎಂದರು ಅವರು. "ನಗು ಯಾರದ್ದು ಅಂತ ಅವಳಿಗೆ ಗೊತ್ತಿಲ್ಲ."

ಸುಮ ಮಾಡಿಸಿಕೊಂಡು ಬಂದಳು. ಬಾಯಿಗೆ ಬ್ಯಾಂಡೇಜಿನಂಥದ್ದೇನೋ ಅಂಟಿಸಿದ್ದರು. ಪದ್ಮಕ್ಕ ಮೊಸರನ್ನ ನುಣ್ಣಗೆ ಕಲಸಿ, ತಣ್ಣಗೆ ಮಾಡಿ, ಚಮಚದಲ್ಲಿ ತಿನ್ನಿಸಿದರು. ಗಾಯ ಮಾಗಿದ ಮೇಲೆ ಸುಮ ನನ್ನ ಬಳಿ ಓಡಿಬಂದು ತುಟಿ ಎತ್ತಿ ತೋರಿಸಿದಳು. ನಸುಗೆಂಪು, ನುಣುಪು. ಹಿಂದಿನದರ ಗುರುತೇ ಇಲ್ಲ. ಅವಳ ಕಣ್ಣಲ್ಲಿ ನೀರಿತ್ತು, ಸಂತೋಷದ್ದು. ನಾನು ಅವಳನ್ನು ಅಪ್ಪಿಕೊಂಡೆ. ಅವಳ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಪದ್ಮಕ್ಕ, "ಚಂದ ಉಂಟು. ಎಳೆ ಮಗುವಿನ ಬಾಯಿ ಹಾಗೆ," ಎಂದು ಹೇಳಿ ಹೋದರು. ಆ ಶನಿವಾರ ಬಾಲ್ಕನಿಯ ಕನ್ನಡಿ ಗೋಡೆಯ ಕಡೆಗೆ ಮುಖ ಮಾಡಿ ನೇತಾಡುತ್ತಿತ್ತು.

ಮದುವೆ ಟಿ. ನಗರದ ಒಂದು ಮಂಟಪದಲ್ಲಿ. ವಿಡಿಯೋದವನು ಕಣ್ಣು ಕುಕ್ಕುವ ಲೈಟು ಹಿಡಿದುಕೊಂಡು ಎಲ್ಲರ ಮುಖದ ಮೇಲೆ ಹಾಯುತ್ತಿದ್ದ. ಹೆಂಗಸರೆಲ್ಲ ಲೈಟು ಬಂದ ಕೂಡಲೇ ಸೆರಗು ಸರಿಮಾಡಿಕೊಂಡು ಗಂಭೀರವಾಗುತ್ತಿದ್ದರು, ನಾನೂ. ಪದ್ಮಕ್ಕ ಹಾಗಲ್ಲ. ಅವನನ್ನು ತೋಳು ಹಿಡಿದು ನಿಲ್ಲಿಸಿ, "ತಂಬೀ, ಇಂಗೆ ಪಾರು. ಕೀಳೇರಿಂದು ಎಡು," ಎಂದರು. ಕೆಳಗಿನಿಂದ ತೆಗೆ ಎಂದು. ಅವನು ಗೊಂದಲದಲ್ಲಿ ಮಂಡಿಯೂರಿ ಕ್ಯಾಮೆರಾ ಮೇಲೆತ್ತಿದ. ಪದ್ಮಕ್ಕ ನಕ್ಕರು. ಯಾರೂ ಏನೂ ಹೇಳಿರಲಿಲ್ಲ, ನಗುವಂಥದ್ದು ಏನೂ ಆಗಿರಲಿಲ್ಲ. ಆದರೂ ನೀರಿನ ಲಾರಿಯ ದಿನದ ಹಾಗೆ, ಮೈಯೆಲ್ಲ ಕುಲುಕಿಸಿ, ಲೈಟು ಒಸಡಿನ ಮೇಲೆ ಹೊಳೆಯುವ ಹಾಗೆ. ವಾಲಗದವರು ಒಮ್ಮೆ ತಿರುಗಿ ನೋಡಿದರು. ಹಸೆಮಣೆಯ ಮೇಲಿದ್ದ ಸುಮ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡಳು. ಆಮೇಲೆ ಪದ್ಮಕ್ಕ ನನ್ನ ಪಕ್ಕ ಬಂದು ಕೂತು ಉಸಿರು ಬಿಟ್ಟರು.

"ಆಯ್ತು ಮೈಸೂರಮ್ಮ. ಅಮ್ಮನ ಫೋಟೋ ಆಯ್ತು."

ಆ ನಗುವನ್ನು ಅಷ್ಟು ಹತ್ತಿರದಿಂದ ನೋಡಿದ ನನಗೆ ಈಗಲೂ ಒಂದು ಸಂಶಯ. ಪದ್ಮಕ್ಕ ನಿಲ್ಲಿಸಿದ ಮೇಲೂ ಒಂದು ಗಳಿಗೆ ಅದು ಮುಂದುವರಿದಿತ್ತು ಎಂದು. ಮಂಟಪದ ಗದ್ದಲದಲ್ಲಿ ನನ್ನ ಕಿವಿಯ ಭ್ರಮೆ ಇರಬಹುದು.

ಕೆಲವು ವರ್ಷಗಳ ಮೇಲೆ ಅವರಿಗೆ ಸುಸ್ತು ಶುರುವಾಯಿತು. ಮೊದಲು ಮೆಟ್ಟಿಲು ಹತ್ತಲಾರೆ ಎಂದರು, ಆಮೇಲೆ ಊಟ ಸೇರದು ಎಂದರು. ಮೈಯಲ್ಲಿ ರಕ್ತ ಇಳಿದುಹೋಗುತ್ತಿದೆ ಎಂದರು ಡಾಕ್ಟರು. ಸುಮ ಅವರನ್ನು ಪೋರೂರಿಗೆ ಕರೆದೊಯ್ದು, ಹತ್ತಿರದ ಒಂದು ಆಸ್ಪತ್ರೆಗೆ ಸೇರಿಸಿದಳು. ನಾನು ಎರಡು ಬಸ್ಸು ಬದಲಾಯಿಸಿ ಹೋದೆ. ಸುಮ ಔಷಧಿ ತರಲು ಕೆಳಗೆ ಹೋಗಿದ್ದಳು. ಪದ್ಮಕ್ಕನ ಮುಖ ದಿಂಬಿಗಿಂತ ಚಿಕ್ಕದಾಗಿತ್ತು. ನನ್ನನ್ನು ನೋಡಿದವರೇ ಕೇಳಿದ್ದು, "ಬ್ಯಾಗಲ್ಲಿ ಕನ್ನಡಿ ಉಂಟಾ? ಇಲ್ಲಿ ಯಾರೂ ಕೊಡುದಿಲ್ಲ."

ನನ್ನ ಹ್ಯಾಂಡ್‌ಬ್ಯಾಗಿನಲ್ಲಿ ಮುಚ್ಚಳದಲ್ಲಿ ಕನ್ನಡಿಯಿರುವ ಒಂದು ಪೌಡರ್ ಕಾಂಪ್ಯಾಕ್ಟ್ ಇರುತ್ತದೆ, ಯಾವಾಗಲೂ. ಆದರೆ ಅವರು ಮಾತಾಡುವಾಗಲೇ ನನಗೆ ಕಂಡಿತ್ತು. ಆ ನೇರಳೆ ಇರಲಿಲ್ಲ. ಒಲೆಯಲ್ಲಿ ಬೆಳಗಾಗುವಾಗ ಇರುತ್ತದಲ್ಲ, ಹಾಗೆ ಬೂದಿ ಬಣ್ಣ.

"ಇಲ್ಲಿ ಲೈಟ್ ಸರಿ ಇಲ್ಲ ಪದ್ಮಕ್ಕ. ಮನೆಗೆ ಬಂದ ಮೇಲೆ ನೋಡ್ಕೊಂಡ್ರಾಯ್ತು," ಎಂದೆ.

"ಕಾನ್ವೆಂಟಲ್ಲಿ ನಿಮಗೆ ಸುಳ್ಳು ಹೇಳ್ಲಿಕ್ಕೆ ಸರಿ ಕಲಿಸ್ಲಿಲ್ಲ ಮಾರಾಯ್ತಿ. ಕೊಡಿ."

ಮಾರಾಯ್ರೆ ಹೋಗಿ ಮಾರಾಯ್ತಿ ಆದದ್ದು ಅದೇ ಮೊದಲು. ಕೊಟ್ಟೆ. ಪೌಡರಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿ, ಕನ್ನಡಿಯನ್ನು ಗದ್ದದ ಕೆಳಗೆ ಹಿಡಿದು, ತುಟಿ ಎತ್ತಿದರು. ಸೂಜಿ ಚುಚ್ಚಿದ್ದ ಕೈಯ ಮಣಿಕಟ್ಟನ್ನು ನಾನು ಹಿಡಿದುಕೊಂಡೆ. ಬಹಳ ಹೊತ್ತು ನೋಡಿದರು. ಅಳುತ್ತಾರೆ ಎಂದುಕೊಂಡಿದ್ದೆ. ಅಳಲಿಲ್ಲ. ಅಂಗಳದಲ್ಲಿ ಕಾಯುವ ಮಗುವಿನ ಹಾಗೆ, ಸ್ವಲ್ಪ ಬೇಜಾರಾದರೂ ಅಮ್ಮನ ಮಾತನ್ನು ಒಪ್ಪಿಕೊಂಡವರ ಹಾಗೆ ಹೇಳಿದರು.

"ಎದ್ದು ಹೋದ್ಳು ಮಾರಾಯ್ತಿ. ಒಳಗೆ ಕೆಲ್ಸ ಇರ್ಬೇಕು."

ಆ ವಾರವೇ ಪದ್ಮಕ್ಕ ಹೋದರು.

ಭಟ್ಟರು ಹೋಟೆಲನ್ನು ತಮ್ಮನಿಗೆ ಬಿಟ್ಟು ಮಗಳ ಮನೆಗೆ ಹೊರಟರು. ಪಕ್ಕದ ಫ್ಲ್ಯಾಟು ಖಾಲಿಯಾದಾಗ ಬಾಲ್ಕನಿಯ ಮೊಳೆಯಲ್ಲಿ ಆ ಶೇವಿಂಗ್ ಕನ್ನಡಿ ಉಳಿದಿತ್ತು. ಉಪ್ಪಿನ ಗಾಳಿ ಅದರ ಅಂಚನ್ನು ತಿಂದು ಕಪ್ಪು ಮಾಡಿತ್ತು. ಗ್ರಿಲ್ಲಿನ ಸಂದಿನಿಂದ ಕೈ ಹಾಕಿ ನಾನೇ ಅದನ್ನು ತೆಗೆದಿಟ್ಟುಕೊಂಡೆ. ಶನಿವಾರ ಬೆಳಿಗ್ಗೆ ಆ ಕಡೆ ನೋಡದೆ ಇರಲು ಬಹಳ ಪ್ರಯತ್ನಪಟ್ಟೆ. ಯಾರೂ ಇಲ್ಲದ ಆ ಬಾಲ್ಕನಿಯಿಂದ ಒಮ್ಮೊಮ್ಮೆ ಬಿಸಿಲಿನ ಒಂದು ತುಂಡು ನಮ್ಮ ಗೋಡೆಯ ಮೇಲೆ ಓಡಾಡಿದಂತಾಗುತ್ತಿತ್ತು.

ಮತ್ತೂ ಒಂದೆರಡು ವರ್ಷ ಕಳೆದು ಸುಮ ಬಂದಳು. ಕೈಯಲ್ಲಿ ಮದುವೆಯ ವಿಡಿಯೋ ಕ್ಯಾಸೆಟ್. "ಆಂಟಿ, ನಿಮ್ಮ ಹತ್ರ ಇನ್ನೂ ವಿಸಿಆರ್ ಇದೆ ಅಲ್ವಾ? ಅಮ್ಮನ್ನ ನೋಡ್ಬೇಕು."

ಹಾಕಿದೆವು. ಪರದೆಯ ತುಂಬ ಬಿಳಿ ಗೆರೆಗಳು, ಹಿಮ ಸುರಿದ ಹಾಗೆ. ಕ್ಯಾಸೆಟ್ಟಿಗೆ ಫಂಗಸ್ ಹಿಡಿದಿತ್ತು. ಮಂಟಪದ ಕಂಬವೊಂದು ಓಲಾಡಿ ಮಾಯವಾಯಿತು, ಯಾರದೋ ಸೆರಗಿನ ಹಸಿರು ಬಂದು ಹೋಯಿತು. ಚಿತ್ರ ಬರಲೇ ಇಲ್ಲ. ಆಮೇಲೆ, ವಾಲಗದ ನಡುವಿನಿಂದ, ನಗು ಬಂತು. ಬರೀ ಸದ್ದು. ಕೋಣೆಯಲ್ಲೇ ಕೂತು ನಕ್ಕ ಹಾಗೆ.

ಸುಮ ಅಳುತ್ತಾಳೆಂದು ನಾನು ಅವಳ ಕಡೆ ತಿರುಗಿದೆ. ಅವಳು ನಗುತ್ತಿದ್ದಳು. ಕಣ್ಣಿಂದ ನೀರು ಸುರಿಯುತ್ತಿದ್ದರೂ ತಡೆಯಲಾರದೆ, ತಾಯಿಯ ಸದ್ದಿಗೆ ಸದ್ದು ಸೇರಿಸಿ, ಬಾಯಿ ತುಂಬ ನಗುತ್ತಿದ್ದಳು. ನಸುಗೆಂಪು ಒಸಡಿನ ಅಂಚಿನಲ್ಲಿ, ಹಲ್ಲುಗಳ ಬುಡದಿಂದ ಮೇಲಕ್ಕೆ, ಅಲ್ಲೊಂದು ಇಲ್ಲೊಂದು ನೇರಳೆ ಮೂಡಿತ್ತು.

ನಾನು ನೋಡಿದ್ದು ಅವಳಿಗೆ ತಿಳಿಯಿತು. ಕೈ ಅಡ್ಡ ತರಲಿಲ್ಲ.

"ವಾಪಸ್ ಬರ್ತಿದೆ ಆಂಟಿ. ಕೆಲವರಿಗೆ ಹೀಗೆ ಬರತ್ತಂತೆ. ಡಾಕ್ಟರ್ ಇನ್ನೊಂದ್ಸಲ ಮಾಡೋಣ ಅಂದ್ರು." ಮೂಗು ಒರೆಸಿಕೊಂಡಳು. "ವೇಂಡಾಂ, ಬೇಡ ಅಂದೆ. ನಮ್ಮ ಮನೆಯಲ್ಲಿ ಸರಿಯಾದ ಬಿಸಿಲು ಬರಲ್ಲ. ಆ ಕನ್ನಡಿ... ಅಪ್ಪ ಬಿಟ್ಟು ಬಂದ್ರಂತೆ. ನೀವೇನಾದ್ರೂ ನೋಡಿದ್ರಾ?"

ಅಲಮಾರಿಯಿಂದ ತಂದು ಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ನಮ್ಮ ಬಾಲ್ಕನಿಗೆ ಹೋಗಿ, ನೆಲದ ಮೇಲೆ ಬಿಸಿಲಿನಲ್ಲಿ ಕಾಲು ಚಾಚಿ ಕೂತಳು. ಕನ್ನಡಿಯನ್ನು ಕೆಳಗೆ ಹಿಡಿಯಬೇಕೆಂದು ಅವಳಿಗೆ ಯಾರು ಹೇಳಿದ್ದರೋ. ನಾನಂತೂ ಹೇಳಿರಲಿಲ್ಲ. ಟಿವಿಯಲ್ಲಿ ಹಿಮ ಇನ್ನೂ ಸುರಿಯುತ್ತಿತ್ತು, ನಗು ಮುಗಿದಿತ್ತು. ಸುಮ ಬೆರಳಿನಿಂದ ತುಟಿ ಎತ್ತಿ, ಉಸಿರು ಹಿಡಿದು, ಯಾರದೋ ಬಾಗಿಲು ತಟ್ಟಿ ನಿಂತವಳ ಹಾಗೆ ನೋಡುತ್ತಿದ್ದಳು.

ನಾನು ಅಲ್ಲಿ ನಿಲ್ಲಬಾರದು ಎನ್ನಿಸಿತು. ಮಾತು ತಾನಾಗಿ ಬಾಯಿಗೆ ಬಂತು. ಅದು ಯಾರ ಮಾತೆಂದು ತಿಳಿಯುವಷ್ಟರಲ್ಲಿ ಆಡಿಬಿಟ್ಟಿದ್ದೆ.

"ಒಳಗೆ ಸ್ವಲ್ಪ ಕೆಲಸ ಇದೆ ಮಗೂ. ಈಗ ಬಂದೆ."